ಹೆಸರು ಬರೆಸಿಕೊಂಡ ಕಂಪ್ಯೂಟರುಗಳು

ಎಣ್ಣೆ ಬಣ್ಣದ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಗೃಹಪ್ರವೇಶವೋ ಮದುವೆ ಮನೆಯೋ ನೆನಪಾಗಬಹುದು. ನನಗೆ ಕಂಪ್ಯೂಟರ್ ನೆನಪಾಗುತ್ತದೆ. ಹೋದ ವಾರ ಹಳೇಬೀಡಿನ ನಮ್ಮ ಶಾಲೆಗೆ ಹೋಗಿದ್ದೆ. ಲ್ಯಾಬಿನ ಹೊರಗೆ ಹಳೆಯ ಪೇಪರ್ ಹಾಸಿಕೊಂಡು ಪೇಂಟರ್ ಮುನೀರ್ ಸಾಬರು ಕೂತಿದ್ದರು. ಎದುರಿಗೆ ಹೊಸದಾಗಿ ಬಂದ ಒಂದು ಕಂಪ್ಯೂಟರ್ ಡಬ್ಬ ಅಂಗಾತ ಮಲಗಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು ಅರ್ಧ ಮುಗಿದಿತ್ತು. ನನ್ನನ್ನು ಕಂಡವರೇ ಬ್ರಷ್ ಎತ್ತಿ ಹಿಡಿದು, "ಸ್ಟಿಕರ್ ಮುಟ್ಟಿಲ್ಲ ಮೇಡಂ, ಬೇಕಾದ್ರೆ ನೋಡ್ಕೊಳ್ಳಿ" ಅಂದರು. ಬಗ್ಗಿ ನೋಡಿದೆ. ಮುಟ್ಟಿರಲಿಲ್ಲ. ವಾಸನೆ ಮಾತ್ರ ಅದೇ ವಾಸನೆ. ಒಳಗೆ ಹೋಗಿ ಫ್ಯಾನ್ ಹಾಕಿಕೊಂಡು ಕೂತೆ. ಆ ಮಳೆಗಾಲ ಹೇಳದೆ ಕೇಳದೆ ಎದುರಿಗೆ ಬಂದು ಕೂತಿತು.

ನನ್ನ ಗಂಡ ಗಂಗಾಧರ್ ತೀರಿಕೊಂಡದ್ದು ಆ ವರ್ಷದ ಶಿವರಾತ್ರಿ ಕಳೆದ ಮೇಲೆ. ಅರಸೀಕೆರೆಯಲ್ಲಿ ಆಫೀಸಿರುವ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ವಿಭಾಗ ಅವರ ಕೈಲಿತ್ತು. ವಿಭಾಗ ಅಂದರೆ ಅವರೊಬ್ಬರೇ. ಅರಸೀಕೆರೆ, ಬಾಣಾವರ, ಬೇಲೂರು, ಹಳೇಬೀಡು ಈ ನಾಲ್ಕು ಕಡೆ ಸಂಸ್ಥೆಯ ಶಾಲೆಗಳು, ಒಂದೊಂದರಲ್ಲಿ ಒಂದು ಲ್ಯಾಬು. ಅವರ ಬದುಕೆಲ್ಲ ಬಸ್ಸಿನಲ್ಲೇ ಕಳೆಯಿತು. ಸಂಜೆ ಫೋನ್ ಮಾಡಿ "ಎಲ್ಲಿದೀರಿ?" ಅಂದರೆ ಒಂದೇ ಉತ್ತರ, "ಇರು, ಬಂದೆ." ಬೇಲೂರಿನ ಸ್ಟ್ಯಾಂಡಿನಲ್ಲಿ ಇನ್ನೂ ಬಸ್ಸೇ ಹತ್ತಿರುತ್ತಿರಲಿಲ್ಲ, ಆಗಲೂ "ಇರು, ಬಂದೆ." ನಿಮ್ಮ 'ಬಂದೆ' ನಂಬಿಕೊಂಡು ನಾನು ಕುಕ್ಕರ್ ಇಡೋದಿಲ್ಲ ಅಂತ ರೇಗಿಸುತ್ತಿದ್ದೆ. ಆ ದಿನ ಬಾಣಾವರದಿಂದ ಬರುವಾಗ ರೈಲಿನಲ್ಲೇ ಎದೆ ಹಿಡಿದುಕೊಂಡಿತು. ಅರಸೀಕೆರೆಯಲ್ಲಿ ಇಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಯದಾಗಿ ಏನು ಹೇಳಿದರು ಅಂತ ಮಾತಾಡಿಸಲು ಬಂದವರೆಲ್ಲ ಕೇಳಿದರು. ಗ್ಯಾಸ್ ಬುಕ್ ಮಾಡು ಅಂದಿದ್ದರು. ಅದನ್ನೇ ಹೇಳಿದೆ. ಇನ್ನೇನಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ ಮುಖ ಮಾಡಿಕೊಂಡು ಹೋದರು.

ನಾನು ಅಳಲಿಲ್ಲ. ಅಳಬಾರದು ಅಂತಲ್ಲ, ಬರಲಿಲ್ಲ. ಹೆಂಗಸರು ಭುಜ ಹಿಡಿದು ಅಲ್ಲಾಡಿಸಿ "ಅತ್ಬಿಡೇ ಶೈಲಾ, ಒಳಗಿಟ್ಕೋಬೇಡ" ಅಂದರು. ಒಳಗೇನೂ ಇರಲಿಲ್ಲ. ಜ್ವರ ಬಂದಾಗ ನಾಲಿಗೆಗೆ ಏನು ಹಾಕಿದರೂ ಒಂದೇ ಥರ ಇರುತ್ತದಲ್ಲ, ಹಾಗಿತ್ತು. ಶಿವಗಣಾರಾಧನೆಯ ದಿನ ಯಾರೋ ಪಾಯಸ ಬಡಿಸಿದರು, ತಿಂದೆ. ಸಿಹಿ ಹಾಕಿದ್ದರೋ ಮರೆತಿದ್ದರೋ ಈಗಲೂ ಗೊತ್ತಿಲ್ಲ. ಅತ್ತೆ ನನ್ನ ಪಾಲಿನದನ್ನೂ ಸೇರಿಸಿ ಅತ್ತರು. ಅವರು ಅಳುವಾಗ ನಾನು ಪಕ್ಕದಲ್ಲಿ ಕೂತು ಅವರ ಬೆನ್ನು ಸವರುತ್ತ, ಇವರ ಮಾತ್ರೆಯ ಪಟ್ಟಿ ಮುಗಿಯುತ್ತ ಬಂತು, ತರಬೇಕು ಅಂತ ಯೋಚಿಸುತ್ತಿದ್ದೆ.

ಸರ್ಕಾರಿ ಕಚೇರಿಗಳ ಹಾಗೆ ಅನುಕಂಪದ ನೌಕರಿ ಕೊಡುವ ನಿಯಮ ನಮ್ಮ ಸಂಸ್ಥೆಯಲ್ಲಿ ಇರಲಿಲ್ಲ. ಆದರೂ ಕಾರ್ಯದರ್ಶಿ ಶಿವನಂಜಪ್ಪನವರು ಹೇಳಿಕಳಿಸಿದರು. ಕೊಬ್ಬರಿ ವ್ಯಾಪಾರದ ಮನೆತನ, ಮಠದ ಕಡೆಯವರು, ಮಾತು ಒರಟಾದರೂ ಕೆಟ್ಟವರಲ್ಲ. ನಾನು ಮದುವೆಗೆ ಮುಂಚೆ ಬಿಸಿಎ ಮುಗಿಸಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿದ್ದು ಅವರಿಗೆ ಗೊತ್ತಿತ್ತು.

"ನೋಡಮ್ಮ, ಗಂಗಾಧರ ನಮ್ಮನೆ ಹುಡುಗ ಇದ್ದಂಗಿದ್ದ. ಅವನ ಕುರ್ಚಿ ಮೇಲೆ ನೀನೇ ಕೂತ್ಕೊ. ಸದ್ಯಕ್ಕೆ ತಾತ್ಕಾಲಿಕ. ಆಗಸ್ಟ್ ಹದಿನೈದಕ್ಕೆ ಹಳೇಬೀಡಲ್ಲಿ ಬಾವುಟ ಹಾರಿಸೋಕೆ ದಾನಿಗಳೆಲ್ಲ ಬತ್ತಾರೆ. ಅಷ್ಟೊತ್ತಿಗೆ ನಾಲ್ಕೂ ಲ್ಯಾಬು ನಡೀತಿದ್ರೆ ಕಮಿಟಿ ಮುಂದಿಟ್ಟು ಕಾಯಂ ಮಾಡ್ಸೋಣ. ಇಲ್ಲಾಂದ್ರೆ ಬೆಂಗ್ಳೂರಿನ ಕಂಪನಿಯೋರು ಬಾಗ್ಲಲ್ಲೇ ನಿಂತವ್ರೆ. ಆಮೇಲೆ ನನ್ನ ಬೈಕೋಬೇಡ."

ಬೈದುಕೊಳ್ಳುವ ಶಕ್ತಿಯೂ ನನಗಿರಲಿಲ್ಲ. ಆದರೆ ಕೆಲಸ ಬೇಕಿತ್ತು. ಅದು ಸಿಕ್ಕಿದರೆ ನಾನು, ಅತ್ತೆ ಸ್ಟೇಷನ್ನಿನ ಹತ್ತಿರದ ಬಾಡಿಗೆ ಮನೆಯಲ್ಲೇ ಇರಬಹುದಿತ್ತು. ಸಿಗದಿದ್ದರೆ ನನ್ನನ್ನು ತವರಿಗೆ ಕರೆದುಕೊಂಡು ಹೋಗುವುದು, ಅತ್ತೆಯನ್ನು ನಾದಿನಿಯ ಮನೆಗೆ ಬಿಡುವುದು ಅಂತ ದೊಡ್ಡವರೆಲ್ಲ ಕೂತು ತೀರ್ಮಾನಿಸಿ ಆಗಿತ್ತು. ನಮ್ಮಿಬ್ಬರನ್ನು ಯಾರೂ ಕೇಳಿರಲಿಲ್ಲ. ಗಂಗಾಧರ್ ಇದ್ದಾಗ ಅತ್ತೆಗೂ ನನಗೂ ಅಷ್ಟಕ್ಕಷ್ಟೆ. ಅವರು ಹೋದ ಮೇಲೆ, ಆ ಮನೆಯಲ್ಲಿ ಅವರ ಸ್ವೆಟರ್ ಯಾವ ಮೊಳೆಗೆ ನೇತು ಹಾಕಿದೆ ಅಂತ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅತ್ತೆಯನ್ನು ಕಳಿಸಿಬಿಟ್ಟರೆ ಅದೂ ಹೋಗುತ್ತದೆ ಅಂತ ನನಗೆ ಭಯವಿತ್ತು. ಆ ವರ್ಷ ನನಗೆ ಚೆನ್ನಾಗಿ ಗೊತ್ತಾಗುತ್ತಿದ್ದ ಭಾವನೆ ಅದೊಂದೇ.

ಗಂಗಾಧರರ ಕೆಲಸದ ಪದ್ಧತಿ ಹೀಗಿತ್ತು. ಪ್ರತಿ ಟರ್ಮ್ ಶುರುವಾದಾಗ ಲ್ಯಾಬಿನ ಎಲ್ಲಾ ಕಂಪ್ಯೂಟರುಗಳನ್ನೂ ಪೂರಾ ಒರೆಸಿ, ನೆಟ್‌ವರ್ಕ್ ಮೂಲಕ ಒಟ್ಟಿಗೆ ಹೊಸದಾಗಿ ತುಂಬುವುದು. ಖಾಲಿ ಕಂಪ್ಯೂಟರಿಗೆ ಏನೂ ತಿಳಿದಿರುವುದಿಲ್ಲ. ಬೂಟ್ ಇಮೇಜ್ ಅನ್ನುವ ಒಂದು ಪುಟ್ಟ ಸಾಫ್ಟ್‌ವೇರ್ ಮೊದಲು ಒಳಗೆ ಹೋಗಿ ದೀಪ ಹಚ್ಚಬೇಕು. ಆಮೇಲೆ ಅದು ಕೇಬಲ್ಲಿನ ಆಚೆ ತುದಿಯ ಸರ್ವರನ್ನು ಮಾತಾಡಿಸಿ ವಿಂಡೋಸ್, ಪಾಠ, ಪರೀಕ್ಷೆ ಎಲ್ಲವನ್ನೂ ಎಳೆದು ತರುತ್ತದೆ. ಆದರೆ ಕೇಬಲ್ ಸಿಕ್ಕಿಸುವ ಕಾರ್ಡು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಕಂಪನಿಯದು. ಆ ಕಾರ್ಡಿನ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿಕೊಡುವ ಫೈಲಿಗೆ ಡ್ರೈವರ್ ಅನ್ನುತ್ತಾರೆ. ಡ್ರೈವರ್ ಬೂಟ್ ಇಮೇಜಿನೊಳಗೇ ಇರಬೇಕು. ಇಲ್ಲದಿದ್ದರೆ ಅದು ಬಂದು, ಕಾರ್ಡಿನ ಮುಖ ನೋಡಿ, ಗುರುತು ಸಿಗದೆ ನಿಂತು, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಮೇ ತಿಂಗಳಲ್ಲಿ ಸಂಸ್ಥೆಯವರು ಎಲ್ಲ ಕಂಪ್ಯೂಟರುಗಳಿಗೂ ಹೊಸ ಡಿಸ್ಕ್ ಹಾಕಿಸಿದರು. ಹೊಸ ವಿಂಡೋಸ್ ತುಂಬಬೇಕು ಅಂದರೆ, ತುಂಬುವ ಸಾಫ್ಟ್‌ವೇರನ್ನೂ ಅಪ್‌ಗ್ರೇಡ್ ಮಾಡಬೇಕಿತ್ತು. ಅರಸೀಕೆರೆಯ ಆಫೀಸಿನಲ್ಲಿ, ಅವರ ಕುರ್ಚಿಯಲ್ಲಿ ಕೂತು ಮಾಡಿದೆ. ಬೂಟ್ ಇಮೇಜನ್ನು ಹೊಸದಾಗಿ ತಯಾರಿಸಲೇ ಅಂತ ಪರದೆ ಕೇಳಿತು. ಹೌದು ಅಂದರೆ ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಹೌದು ಅಂದೆ. ಹೊಸ ಇಮೇಜನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಊರಿಂದೂರಿಗೆ ಹೋಗಿ ಅಲ್ಲಲ್ಲಿನ ಪುಟ್ಟ ಸರ್ವರುಗಳಲ್ಲಿ ಹಳೆಯದರ ಜಾಗಕ್ಕೆ ಕೂರಿಸಿದೆ. ಅರಸೀಕೆರೆ ಎದ್ದಿತು. ಬಾಣಾವರ ಎದ್ದಿತು. ಬೇಲೂರಿನವೂ ಒಂದೇ ಸಲಕ್ಕೆ ಎದ್ದವು. ಆ ಮೂರು ಕಡೆ ಸಂಸ್ಥೆಯೇ ಒಂದೇ ಕಂಪನಿಯ ಕಂಪ್ಯೂಟರುಗಳನ್ನು ಸಗಟಾಗಿ ಕೊಂಡಿತ್ತು. ಇಷ್ಟು ಸುಲಭವೇ ಅಂತ ಬೇಲೂರಿನಲ್ಲಿ ಕಾಫಿ ಕುಡಿದೆ. ಅದಕ್ಕೂ ರುಚಿ ಇರಲಿಲ್ಲ.

ಹಳೇಬೀಡಿಗೆ ಹೋದದ್ದು ಜೂನ್ ಮೊದಲಲ್ಲಿ. ಅರಸೀಕೆರೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಜಾವಗಲ್ ದಾಟಿದ ಮೇಲೆ ಬಸ್ಸಿನ ಗಾಜಿನ ಮೇಲೆ ಹನಿ ಶುರುವಾಯಿತು, ಹಳೇಬೀಡಿನಲ್ಲಿ ಇಳಿಯುವಾಗ ಸೋನೆ ಹಿಡಿದಿತ್ತು. ಆ ವರ್ಷವೆಲ್ಲ ಹೀಗೇ, ಒಣಗಿದ ಛತ್ರಿ ತೆಗೆದುಕೊಂಡು ಹೋಗಿ ನೆನೆದ ಛತ್ರಿ ತರುವುದು. ಲ್ಯಾಬಿನ ಉಸ್ತುವಾರಿ ರುಕ್ಮಿಣಿ ಟೀಚರ್ ಕಾಯುತ್ತಿದ್ದರು. ಹಳೇಬೀಡಿನವರೇ, ತಂದೆ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು, ನನಗಿಂತ ಹಿರಿಯರು. ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ, ಹೇಳದೆ, "ತಿಂಡಿ ಆಯ್ತಾ?" ಅಂದರು.

ಆ ಲ್ಯಾಬಿನೊಳಗೆ ನಾನು ಹೋದದ್ದು ಅದೇ ಮೊದಲು. ನಮ್ಮ ಕಡೆ ಮಠದ ದಾಸೋಹದ ಮನೆಗೆ ಯಾರಾದರೂ ಫ್ಯಾನ್ ಕೊಟ್ಟರೆ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರೆ. ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೇಲೂ ಬರೆಸುತ್ತಾರೆ. ಬೆಳಕಿಗಿಂತ ಹೆಸರೇ ಹೆಚ್ಚು ಕಾಣುತ್ತದೆ. ಹಳೇಬೀಡಿನ ಲ್ಯಾಬು ನಡೆದದ್ದೂ ಅದೇ ದಾರಿಯಲ್ಲಿ. ಶಿವನಂಜಪ್ಪನವರು ಭಕ್ತರ ಮನೆ ಮನೆಗೆ ಹೋಗಿ ತಲೆಗೊಂದು ಕಂಪ್ಯೂಟರ್ ಬೇಡಿದ್ದರು. ಕೊಟ್ಟವರು ತಮಗೆ ತಿಳಿದ ಅಂಗಡಿಯಲ್ಲಿ, ತಮಗೆ ತಿಳಿದ ಹುಡುಗನ ಕೈಲಿ, ತಮಗೆ ಹೊಂದಿದ ಬೆಲೆಗೆ ಕೊಡಿಸಿದ್ದರು. ಒಂದರ ಹಾಗೆ ಇನ್ನೊಂದಿಲ್ಲ. ಒಂದೊಂದರ ಎದೆಯ ಮೇಲೂ ಕೆಂಪಕ್ಷರ: ಕೊಬ್ಬರಿ ಮಂಡಿ ರುದ್ರಪ್ಪ ಮತ್ತು ಸಹೋದರರು. ಜಾವಗಲ್ ಬಟ್ಟೆ ಅಂಗಡಿ ಪಂಚಾಕ್ಷರಯ್ಯ. ಮಾದಿಹಳ್ಳಿ ಶ್ರೀಮತಿ ಪುಟ್ಟಗೌರಮ್ಮನವರ ಸೇವೆ. ಮೂಲೆಯಲ್ಲಿ ಒಂದರ ಮೇಲೆ ಟೇಬಲ್ ಬಟ್ಟೆ ಹೊದಿಸಿತ್ತು. "ಅದೊಂದು ಆಮೇಲೆ ನೋಡೋಣ ಶೈಲಾ" ಅಂದರು ರುಕ್ಮಿಣಿ ಟೀಚರ್. ಕೆಟ್ಟಿರಬೇಕು ಅಂದುಕೊಂಡೆ.

ಪೆನ್‌ಡ್ರೈವಿನಿಂದ ಹೊಸ ಇಮೇಜ್ ಹಾಕಿ ರುದ್ರಪ್ಪನವರ ಕಂಪ್ಯೂಟರ್ ಹಚ್ಚಿದೆ. ನೀಲಿ ಪರದೆ ಬಂತು, ನಿಂತಿತು, ಆರಿತು, ಮತ್ತೆ ಬಂತು. ಪಂಚಾಕ್ಷರಯ್ಯನವರದೂ ಹಾಗೇ. ಪುಟ್ಟಗೌರಮ್ಮನವರದೂ ಹಾಗೇ. ಸಾಲಿನ ಕೊನೆಯವರೆಗೂ ಹೋದೆ. ಎಲ್ಲರ ಹೆಸರೂ ನೀಲಿ ಬೆಳಕಿನಲ್ಲಿ ಹತ್ತಿ ಆರುತ್ತಿತ್ತು. ಆಗ ಅರ್ಥವಾಯಿತು. ಗಂಗಾಧರ್ ಪ್ರತಿ ಕಂಪ್ಯೂಟರಿಗೂ ಬೇಕಾದ ಡ್ರೈವರನ್ನು ಹುಡುಕಿ ಹುಡುಕಿ ನೇರವಾಗಿ ಇಮೇಜಿನ ಹೊಟ್ಟೆಯೊಳಗೇ ತುರುಕಿದ್ದರು. ಹೊರಗೆ ಒಂದು ಪ್ರತಿ ಇಟ್ಟಿರಲಿಲ್ಲ. ಅವರಿಗೆ ಎಲ್ಲವೂ ಚೊಕ್ಕಟವಾಗಿರಬೇಕು, ಕೆಲಸ ಮುಗಿದ ಮೇಲೆ ಒಂದು ಕಾಗದದ ಚೂರೂ ಮೇಜಿನ ಮೇಲೆ ಉಳಿಯಬಾರದು. ಮನೆಯಲ್ಲೂ ಹಾಗೇ, ಕಾಫಿ ಕುಡಿದ ಲೋಟ ಆರುವ ಮೊದಲೇ ತೊಳೆದು ಬೋರಲು ಹಾಕುತ್ತಿದ್ದರು. ಅಪ್‌ಗ್ರೇಡ್ ಹೊಸ ಇಮೇಜ್ ಮಾಡಿದಾಗ ಹಳೆಯದರ ಹೊಟ್ಟೆಯಲ್ಲಿ ಏನಿತ್ತು ಅಂತ ನೋಡಿರಲಿಲ್ಲ. ನಾಲ್ಕೂ ಕಡೆ ಹಳೆಯದು ಹೋಗಿತ್ತು.

ಸರಿ, ಕಂಪ್ಯೂಟರಿನ ಮಾಡೆಲ್ ನೋಡಿ ಡ್ರೈವರ್ ಹುಡುಕೋಣ ಅಂತ ಸ್ಟಿಕರ್ ಹುಡುಕಿದೆ. ಸ್ಟಿಕರ್ ಇರುವ ಜಾಗದಲ್ಲೇ ದಾನಿಯ ಹೆಸರಿತ್ತು. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ರುಕ್ಮಿಣಿ ಟೀಚರ್ ಮುನೀರ್ ಸಾಬರಿಗೆ ಹೇಳಿಕಳಿಸಿದರು. ಅವರು ಸೈಕಲ್ ಒರಗಿಸಿ ಒಳಗೆ ಬಂದು, ನಾನು ತೋರಿಸಿದ್ದನ್ನು ನೋಡಿ, ಸ್ವಲ್ಪವೂ ಅಳುಕದೆ ಹೇಳಿದರು:

"ಎದ್ದು ಕಾಣೋ ಜಾಗ್ದಲ್ಲಿ ಬರೀಬೇಕು ಅಂತ ಸೆಕ್ರೆಟರಿ ಸಾಹೇಬ್ರು ಹೇಳಿದ್ರು ಮೇಡಂ. ಆ ಚೀಟಿ ಅಂಟ್ಸಿರೋದೂ ಎದ್ದು ಕಾಣೋ ಜಾಗ್ದಲ್ಲೇ. ನಾನೇನ್ ಮಾಡ್ಲಿ?"

"ಅಳಿಸೋಕಾಗುತ್ತಾ?"

"ಥಿನ್ನರ್ ಹಾಕಿದ್ರೆ ಹೋಗ್ತೈತೆ. ಆದ್ರೆ ಪುಟ್ಟಗೌರಮ್ಮೋರು ಬಂದು ನನ್ನ ಹೆಸ್ರು ಎಲ್ಲೋಯ್ತು ಅಂದ್ರೆ ನೀವೇ ಹೇಳ್ಬೇಕು."

ಪುಟ್ಟಗೌರಮ್ಮನವರದರ ಮೇಲೇ ಪರೀಕ್ಷೆ ಮಾಡಿದೆವು. ಥಿನ್ನರಿಗೆ ಹೆಸರು ಕರಗಿತು, ಅದರ ಜೊತೆಗೆ ಸ್ಟಿಕರಿನ ಅಕ್ಷರಗಳೂ ಕರಗಿದವು. ಕೆಳಗೆ ಬೆಳ್ಳಗಿನ ಚೀಟಿ ಉಳಿಯಿತು. ಮುನೀರ್ ಸಾಬರು ಅದನ್ನು ಒಂದು ಗಳಿಗೆ ನೋಡಿ, "ಹೆಸ್ರು ಮತ್ತೆ ಬರೀತೀನಿ, ಫ್ರೀ" ಅಂದರು. ಬೇರೆ ಯಾವ ವರ್ಷವಾದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಥಿನ್ನರ್ ವಾಸನೆಗೆ ತಲೆ ನೋಯುತ್ತಿದೆ ಅಂತ ಕಿಟಕಿ ತೆರೆದೆ, ಅಷ್ಟೆ.

ಬೇರೆ ದಾರಿ ಇತ್ತು, ಉದ್ದದ ದಾರಿ. ನೀಲಿ ಪರದೆ ಆರುವ ಮೊದಲು ಒಂದು ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿದರೆ ಒಳಗಿನ ಬೋರ್ಡಿನ ಹೆಸರು ಹೇಳುತ್ತದೆ. ರುದ್ರಪ್ಪನವರದು ಹೇಳಿತು. ಪಂಚಾಕ್ಷರಯ್ಯನವರದು, ಈ ಜಾಗವನ್ನು ತಯಾರಕರು ತುಂಬತಕ್ಕದ್ದು ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ ತೋರಿಸಿತು. ತಯಾರಕರು ತುಂಬಿರಲಿಲ್ಲ. ಅಂಥವುಗಳ ಸ್ಕ್ರೂ ಬಿಚ್ಚಿ, ಧೂಳು ಊದಿ, ಟಾರ್ಚ್ ಹಿಡಿದು ನೆಟ್‌ವರ್ಕ್ ಚಿಪ್ಪಿನ ಮೇಲಿನ ಇರುವೆ ಗಾತ್ರದ ಅಕ್ಷರ ಓದಬೇಕು. ಓದಿಕೊಂಡು ಅರಸೀಕೆರೆಗೆ ಬರಬೇಕು, ಇಮೇಜ್ ಕಟ್ಟುವ ಸಾಫ್ಟ್‌ವೇರ್ ಇದ್ದದ್ದು ಅಲ್ಲಿ ಮಾತ್ರ. ಡ್ರೈವರ್ ಹುಡುಕಿ, ಸೇರಿಸಿ, ಇಮೇಜ್ ಕಟ್ಟಿ, ಪೆನ್‌ಡ್ರೈವಿಗೆ ಹಾಕಿ ಮತ್ತೆ ಬಸ್ಸು ಹತ್ತಬೇಕು. ಹೋಗಿ ನೋಡಿದರೆ ಎರಡು ಏಳುತ್ತಿದ್ದವು, ಉಳಿದವು ಹಾಗೇ.

ಜೂನ್ ಪೂರ್ತಿ, ಜುಲೈ ಪೂರ್ತಿ ಅದೇ ಕೆಲಸ. ದುಃಖದಲ್ಲಿರುವವರಿಗೆ ಇಂಥ ಕೆಲಸ ಕೊಡಬೇಕು ಅಂತ ಆಮೇಲೆ ಅನೇಕ ಸಲ ಅನ್ನಿಸಿದೆ. ಕಂಪ್ಯೂಟರ್ ಮುಖ ನೋಡಿ ಅಯ್ಯೋ ಅನ್ನುವುದಿಲ್ಲ. ಹೌದೋ ಅಲ್ಲವೋ ಅಂತಷ್ಟೇ ಕೇಳುತ್ತದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಜಾವಗಲ್‌ವರೆಗೆ ತೆಂಗಿನ ತೋಟ, ಆಮೇಲೆ ಮಳೆ. ಸೀಟಿನ ಮೇಲೆ ಮಳೆ ನೀರು ಸುರಿದರೂ ನಾನು ಸರಿದು ಕೂರುತ್ತಿರಲಿಲ್ಲ. ಕಂಡಕ್ಟರ್ ಒಂದು ದಿನ "ಮೇಡಂ, ನೆನೀತಾ ಇದೀರಲ್ಲ" ಅಂದಮೇಲೇ ಸೆರಗು ಒದ್ದೆಯಾಗಿರುವುದು ತಿಳಿದದ್ದು.

ಮನೆಯಲ್ಲಿ ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಮೊದಲೆಲ್ಲ ನನ್ನನ್ನು ಕಂಡರೆ ಕಣ್ಣೊರೆಸಿಕೊಳ್ಳುತ್ತಿದ್ದವರು ಜುಲೈ ಹೊತ್ತಿಗೆ ಬೇರೆ ಪ್ರಶ್ನೆ ಶುರು ಮಾಡಿದರು.

"ರುದ್ರಪ್ಪುಂದು ಎದ್ದೈತಾ?"

"ಅದು ಮೊನ್ನೆನೇ ಎದ್ದಿದೆ ಅತ್ತೆ. ಇವತ್ತು ಪಂಚಾಕ್ಷರಯ್ಯನವರದು."

"ಅವರಪ್ಪನ ಕಾಲ್ದಿಂದ್ಲೂ ಆ ಮನೆಯೋರು ನಿಧಾನ ಕಣಮ್ಮ. ಪುಟ್ಟಗೌರಂದು?"

"ಅದು ಇನ್ನೂ ಇಲ್ಲ."

"ಅವಳು ಕೊಡೋವಾಗ್ಲೇ ಚೌಕಾಸಿ ಮಾಡಿರ್ತಾಳೆ ಬಿಡು."

ದಾನಿಗಳ ಮೂರು ತಲೆಮಾರು ಅವರಿಗೆ ಗೊತ್ತಿತ್ತು. ಕಂಪ್ಯೂಟರ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಯಾರದು ಎದ್ದಿದೆ, ಯಾರದು ಮಲಗಿದೆ ಅಂತ ಕಾಯಿಲೆ ಬಿದ್ದ ನೆಂಟರ ಹಾಗೆ ವಿಚಾರಿಸುತ್ತಿದ್ದರು. ಮಾತಿಲ್ಲದ ಮನೆಯಲ್ಲಿ ಅದೊಂದು ಮಾತಾಯಿತು. ಅವರಿಗೂ ಆಗಸ್ಟ್ ಹದಿನೈದು ಗೊತ್ತಿತ್ತು. ನಾದಿನಿ ಫೋನ್ ಮಾಡಿ "ಅಮ್ಮನ ಬಟ್ಟೆ ಜೋಡಿಸಿಡಿ ಅತ್ತಿಗೆ, ಹದಿನೈದು ಕಳೆದ ಮೇಲೆ ಬರ್ತೀವಿ" ಅಂದದ್ದನ್ನು ಅವರು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದರು. ಬಟ್ಟೆ ಮಾತ್ರ ಜೋಡಿಸಲಿಲ್ಲ.

ಜುಲೈ ಮಧ್ಯದಲ್ಲಿ ಒಂದು ಬೆಳಗ್ಗೆ ಆಫೀಸಿನ ಕಂಪ್ಯೂಟರ್ ತಾನಾಗಿಯೇ ಒಂದು ಚಿಕ್ಕ ಅಪ್‌ಡೇಟ್ ಹಾಕಿಕೊಂಡಿತು. ಅವತ್ತಿನ ಇಮೇಜ್ ಒಯ್ದು ಎಲ್ಲವನ್ನೂ ಒಟ್ಟಿಗೆ ಮತ್ತೆ ಒರೆಸಿ ತುಂಬಲು ಹೋದರೆ ಹಳೇಬೀಡಿನಲ್ಲಿ ಎದ್ದಿದ್ದವೂ ಮಲಗಿದವು. ಎಲ್ಲ ಡ್ರೈವರೂ ಮತ್ತೆ ಹೋಗಿದ್ದವು. ರುಕ್ಮಿಣಿ ಟೀಚರ್ ಗಾಬರಿಯಾದರು. ನನಗೆ 'ಹೌದಾ' ಅನ್ನಿಸಿತು, ಅಷ್ಟೆ. ಈ ಸಲ ನನ್ನ ಹತ್ತಿರ ಫೈಲುಗಳಿದ್ದವು. ಹುಡುಕಿದ ಒಂದೊಂದು ಡ್ರೈವರನ್ನೂ ಇಮೇಜಿನ ಹೊರಗೆ, ದಾನಿಯ ಹೆಸರಿನ ಒಂದೊಂದು ಫೋಲ್ಡರಿನಲ್ಲಿ ಇಟ್ಟಿದ್ದೆ. ಚೊಕ್ಕಟತನ ನನ್ನ ಸ್ವಭಾವವಲ್ಲ, ನನ್ನ ಬೀರು ನೋಡಿದವರಿಗೆ ಗೊತ್ತು. ಅರಸೀಕೆರೆಗೆ ಬಂದು ರುದ್ರಪ್ಪ, ಪಂಚಾಕ್ಷರಯ್ಯ, ಎಲ್ಲರನ್ನೂ ಹೊಸ ಇಮೇಜಿಗೆ ವಾಪಸು ಸೇರಿಸಿದೆ. ಸಂಜೆಯೊಳಗೆ ಮುಗಿಯಿತು. ಅಪ್‌ಗ್ರೇಡ್ ಬಂದಾಗಲೆಲ್ಲ ಇಮೇಜ್ ಹೊಸದಾಗುತ್ತದೆ, ಒಳಗಿದ್ದದ್ದು ಹೋಗುತ್ತದೆ, ಬೇಕಾದ್ದನ್ನು ಹೊರಗಿಟ್ಟುಕೊಂಡಿದ್ದು ಪ್ರತಿ ಸಲವೂ ಮತ್ತೆ ಹಾಕಬೇಕು. ಈ ಕೆಲಸದ ಮುಖ್ಯ ಪಾಠ ಇಷ್ಟೇ, ಯಾವ ಕಾಲೇಜಿನಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ಆ ಇಮೇಜ್ ಹಿಡಿದು ಹೋದಾಗ ಏಳನೇ ತರಗತಿಯ ಮಕ್ಕಳು ಲ್ಯಾಬಿನಲ್ಲಿದ್ದರು. ಮಲಗಿದ್ದವು ಒಂದೊಂದಾಗಿ ಏಳತೊಡಗಿದವು. ರುದ್ರಪ್ಪನವರ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತಿರುಗಿ ಕೇಳಿದಳು.

"ಮಿಸ್, ಅದು ಯಾಕೆ ಬರ್ಲಿಲ್ಲ?"

"ಬರ್ತಾ ಇದೆಯಲ್ಲಮ್ಮ, ನೋಡು."

"ಇದಲ್ಲ ಮಿಸ್. ಸರ್ ಇದ್ದಾಗ ನೀಲಿ ಬಣ್ಣದ್ ಮೇಲೆ ಕನ್ನಡದಲ್ಲಿ ಬರ್ತಿತ್ತಲ್ಲ, 'ಇರು, ಬಂದೆ' ಅಂತ. ಅದು."

ನಾನು ಟಾರ್ಚ್ ಕೆಳಗಿಟ್ಟೆ. ರುಕ್ಮಿಣಿ ಟೀಚರ್ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಮಕ್ಕಳು ಕಾಯೋಕೆ ಬೇಜಾರು ಮಾಡ್ಕೊಳ್ತಾರೆ ಅಂತ ಅವರೇ ಚಿತ್ರ ಮಾಡಿ ಹಾಕಿದ್ರು. ಅದು ಬಂದ ಕೂಡ್ಲೇ ಮಕ್ಕಳೆಲ್ಲ ಒಟ್ಟಿಗೆ ಬಾ, ಬಾ ಅಂತ ಕೂಗ್ತಿದ್ವು. ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಬಯ್ತಿದ್ರು."

ನನಗೆ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ. ನನ್ನ ಜೊತೆ ಫೋನಿನಲ್ಲಿ ಆಡುತ್ತಿದ್ದ ಮಾತನ್ನು ಈ ಮೂಲೆಯ ಊರಿನಲ್ಲಿ, ಕೊಬ್ಬರಿ ಮಂಡಿಯವರ ಕಂಪ್ಯೂಟರಿನ ಮೇಲೆ ಬರೆದಿಟ್ಟು ಬಂದಿದ್ದರು. ನಾನು ಒಮ್ಮೆಯೂ ನೋಡುವ ಮೊದಲೇ ಅದು ಡ್ರೈವರುಗಳ ಜೊತೆ ಹೋಗಿತ್ತು. ಅಕ್ಷರ ಯಾವ ಬಣ್ಣ ಇತ್ತು ಅಂತ ಮಕ್ಕಳನ್ನು ಕೇಳಿದೆ. ಒಬ್ಬಳು ಹಳದಿ ಅಂದಳು, ಇನ್ನೊಬ್ಬ ಬಿಳಿ ಅಂದ. ಪಕ್ಕದಲ್ಲಿ ಬಸ್ಸಿನ ಚಿತ್ರ ಇತ್ತು ಅಂತ ಒಬ್ಬರು, ಇರಲಿಲ್ಲ ಅಂತ ಇನ್ನೊಬ್ಬರು. ಜಗಳವೇ ಆಯಿತು. ಡ್ರೈವರಾದರೆ ಚಿಪ್ಪಿನ ನಂಬರ್ ಹಾಕಿ ಹುಡುಕಬಹುದು. ಇದನ್ನು ಎಲ್ಲಿ ಹುಡುಕುವುದು? ಆಗಲೂ ಅಳು ಬರಲಿಲ್ಲ.

ಆಗಸ್ಟ್ ಬಂತು. ಪುಟ್ಟಗೌರಮ್ಮನವರದೂ ಎದ್ದಿತು. ಅವತ್ತು ಅತ್ತೆ ಒಬ್ಬಟ್ಟಿನ ಮಾತೆತ್ತಿದರು, ಮಾಡಲಿಲ್ಲ. ಉಳಿದದ್ದು ಮೂಲೆಯದೊಂದೇ. ರುಕ್ಮಿಣಿ ಟೀಚರ್ ಪಾಠಕ್ಕೆ ಹೋಗಿದ್ದಾಗ ನಾನೇ ಟೇಬಲ್ ಬಟ್ಟೆ ತೆಗೆದೆ. ಹೊಸ ಡಬ್ಬ, ಒಂದು ಗೀರೂ ಇಲ್ಲ. ಕೆಂಪಕ್ಷರ ಫಳಫಳ ಹೊಳೆಯುತ್ತಿತ್ತು: ದಿವಂಗತ ಗಂಗಾಧರ್ ಸ್ಮರಣಾರ್ಥ, ಸಹೋದ್ಯೋಗಿಗಳಿಂದ.

ಟೀಚರ್ ವಾಪಸು ಬಂದವರು ಬಾಗಿಲಲ್ಲೇ ನಿಂತರು. "ಹೇಳ್ಬೇಕು ಅಂತಾನೇ ಇದ್ದೆ ಶೈಲಾ, ಪ್ರತಿ ಸಲ ಬಾಯಿಗೆ ಬರ್ತಿತ್ತು. ನಾವೆಲ್ಲ ಸೇರಿ ಕೊಡಿಸಿದ್ದು. ಬಂದ ಮೇಲೆ ಹಚ್ಚೋಕೆ ಯಾರಿಗೂ ಬರ್ಲಿಲ್ಲ. ಹಚ್ತಾ ಇದ್ದೋರೇ ಅವರಲ್ವಾ?"

"ಸ್ಕ್ರೂಡ್ರೈವರ್ ಎಲ್ಲಿಟ್ರಿ?" ಅಂದೆ.

ಉಳಿದವೆಲ್ಲ ಒಮ್ಮೆ ಅವರ ಕೈಯಲ್ಲಿ ಎದ್ದು, ಆಮೇಲೆ ಮಲಗಿದ್ದವು. ಇದಕ್ಕೆ ಅವರ ಇಮೇಜಿನಲ್ಲೂ ಜಾಗವಿರಲಿಲ್ಲ. ಅವರು ಹೋದ ಮೇಲೆ ಬಂದದ್ದು. ಹೊಸ ಥರದ ಚಿಪ್ಪು, ಹೊಸ ಇಮೇಜಿಗೂ ಅಪರಿಚಿತ. ಅಕ್ಷರ ಓದಿಕೊಂಡು ಅರಸೀಕೆರೆಗೆ ಬಂದು ಡ್ರೈವರ್ ಹುಡುಕಿದೆ. ಮೊದಲು ತಂದದ್ದು ಹೊಂದಲಿಲ್ಲ, ಮತ್ತೊಂದು ಸಲ ಹೋಗಿ ಬಂದೆ. ಅದೂ ಹೊಂದಲಿಲ್ಲ. ಶಿವನಂಜಪ್ಪನವರು ಕರೆಸಿ, "ಅದೊಂದನ್ನ ಬಿಟ್ಬಿಡಮ್ಮ. ಮೇಲೆ ಹಾರ ಹಾಕಿ ಇಡೋಣ, ಚೆನ್ನಾಗೂ ಕಾಣ್ತದೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು, ಮೈ ಬಿಸಿಯಾಯಿತು. "ಹಾರ ಹಾಕೋಕೆ ಮನೇಲಿ ಫೋಟೋ ಇದೆ ಸಾರ್. ಇದು ಕಂಪ್ಯೂಟರ್. ನಡೀಬೇಕು" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಲ್ಯಾಬು ಪೂರ್ತಿ ನಡೆದ್ರೆ ಸರಿ. ಇಲ್ಲಾಂದ್ರೆ ಕಮಿಟಿಯೋರು ಅದನ್ನೇ ಹಿಡ್ಕೋತಾರೆ, ಗೊತ್ತಲ್ಲ?" ಅಂದರು. ಗೊತ್ತು ಅಂದೆ.

ಮೂರನೇ ಸಲ ಒಯ್ಯುವ ಇಮೇಜ್ ಕಟ್ಟುವ ಮುಂಚೆ ಒಂದು ಚಿತ್ರ ಮಾಡಿದೆ. ನೀಲಿ ಹಿನ್ನೆಲೆ, ಹಳದಿ ಅಕ್ಷರ. ಬಸ್ಸು ಹಾಕಿದೆ, ಇರಲಿ ಅಂತ. ಚಿತ್ರ ಬಿಡಿಸಲು ನನಗೆ ಬರುವುದಿಲ್ಲ, ಬಸ್ಸು ಬ್ರೆಡ್ಡಿನ ಹಾಗೆ ಬಂತು. ಅದನ್ನೂ ಡ್ರೈವರುಗಳ ಪಕ್ಕದ ಒಂದು ಫೋಲ್ಡರಿನಲ್ಲಿಟ್ಟು, ಇಮೇಜಿಗೆ ಸೇರಿಸಿ, ಬಸ್ಸು ಹತ್ತಿದೆ. ಹದಿನೈದರ ಹಿಂದಿನ ದಿನ ಅದು. ಹಳೇಬೀಡಿನಲ್ಲಿ ಮಳೆ ಬಿಟ್ಟಿತ್ತು. ಅಂಗಳದಲ್ಲಿ ಮಕ್ಕಳು ಕವಾಯತು ಮಾಡುತ್ತಿದ್ದರು, ಕೆಲವರು ಲ್ಯಾಬಿನಲ್ಲಿ ಬಣ್ಣದ ಕಾಗದ ಕತ್ತರಿಸುತ್ತ ಕೂತಿದ್ದರು. ಗಂಗಾಧರರ ಹೆಸರಿದ್ದ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ ಬಟನ್ ಒತ್ತಿದೆ.

ಪರದೆ ಕಪ್ಪಗಿತ್ತು, ಆಮೇಲೆ ನೀಲಿಯಾಯಿತು. ಹಳದಿ ಅಕ್ಷರ ಮೂಡಿತು.

ಇರು, ಬಂದೆ.

"ಎಲ್ಲಿದೀರಿ?" ಅಂದೆ.

ಜೋರಾಗಿಯೇ ಅಂದಿದ್ದೆ. ಯೋಚಿಸಿ ಅಂದದ್ದಲ್ಲ, ವರ್ಷಗಟ್ಟಲೆ ಸಂಜೆಯ ಹೊತ್ತು ಬಾಯಿಗೆ ಬಂದು ಅಭ್ಯಾಸವಾಗಿದ್ದ ಮಾತು, ಬಂದುಬಿಟ್ಟಿತು. ಕತ್ತರಿಯ ಸದ್ದು ನಿಂತಿತು. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಉತ್ತರಕ್ಕೆ ಕಾಯುವವಳ ಹಾಗೆ ನಾನು ಪರದೆಯನ್ನು ನೋಡುತ್ತಿದ್ದೆ. ಆಮೇಲೆ ಅತ್ತುಬಿಟ್ಟೆ. ಶಿವರಾತ್ರಿಯಿಂದ ಬರದೇ ಇದ್ದ ಅಳು ಒಟ್ಟಿಗೇ ಬಂತು. ಮೂಗು ಬಾಯಿ ಎಲ್ಲ ಸೋರುತ್ತ, ಕೀಬೋರ್ಡಿನ ಮೇಲೆ ತಲೆಯಿಟ್ಟು, ನಾಚಿಕೆ ಬಿಟ್ಟು ಅತ್ತೆ. ರುಕ್ಮಿಣಿ ಟೀಚರ್ ಮಕ್ಕಳನ್ನು ಹೊರಗೆ ಕಳಿಸಿ ಬಂದು ಬೆನ್ನ ಮೇಲೆ ಕೈಯಿಟ್ಟರು. ಬಹಳ ಹೊತ್ತಾದ ಮೇಲೆ ತಲೆಯೆತ್ತಿ ನೋಡಿದರೆ ಪರದೆಯ ಮೇಲೆ ಹಸಿರು ಪಟ್ಟಿ ಓಡುತ್ತಿತ್ತು. ಡ್ರೈವರ್ ಹೊಂದಿತ್ತು. ವಿಂಡೋಸ್ ಇಳಿಯುತ್ತಿತ್ತು.

ಮಾರನೆಯ ದಿನ ದಾನಿಗಳು ಬಂದರು. ಬಾವುಟ ಹಾರಿತು. ರುದ್ರಪ್ಪನವರೂ ಅವರ ಸಹೋದರರೂ ತಮ್ಮ ಕಂಪ್ಯೂಟರಿನ ಆಚೀಚೆ ನಿಂತು ಫೋಟೋ ತೆಗೆಸಿಕೊಂಡರು. ಪುಟ್ಟಗೌರಮ್ಮನವರು ತಮ್ಮ ಹೆಸರಿನ ಅಕ್ಷರ ಮೊದಲಿಗಿಂತ ದಪ್ಪವಾಗಿದೆ ಅಂತ ಖುಷಿಪಟ್ಟರು. ಮುನೀರ್ ಸಾಬರು ನನ್ನ ಕಡೆ ನೋಡಲಿಲ್ಲ. ಕಮಿಟಿಯವರು ಸಾಲಿನ ಕೊನೆಯವರೆಗೂ ನಡೆದು ಎಲ್ಲವೂ ಎದ್ದಿರುವುದನ್ನು ನೋಡಿ ಹೋದರು. ದಸರೆಯ ಹೊತ್ತಿಗೆ ಕಾಯಂ ಆದೇಶ ಕೈಗೆ ಬಂತು. ಅತ್ತೆಗೆ ಹೇಳಿದಾಗ ಅವರು ಸ್ವೆಟರನ್ನು ಮೊಳೆಯಿಂದ ತೆಗೆದು, ಒಗೆದು, ಒಣಗಿದ ಮೇಲೆ ತಂದು ಅದೇ ಮೊಳೆಗೆ ಹಾಕಿದರು. ನಾದಿನಿಗೆ ಫೋನ್ ಮಾಡಿ, "ನಾನೆಲ್ಲೂ ಬರಾಕಿಲ್ಲ, ಇಲ್ಲಿ ಕೆಲಸ ಐತೆ" ಅಂದರು.

ಅವರು ಈಗಲೂ ನನ್ನ ಜೊತೆಗೇ ಇದ್ದಾರೆ. ಅಪ್‌ಗ್ರೇಡುಗಳೂ ಬರುತ್ತಲೇ ಇವೆ. ಹೋದ ವಾರ ನಾನು ಹಳೇಬೀಡಿಗೆ ಹೋದದ್ದೂ ಅದಕ್ಕೇ. ಇಮೇಜ್ ಮತ್ತೆ ಹೊಸದಾಗಿತ್ತು. ಫೋಲ್ಡರಿನಿಂದ ಒಬ್ಬೊಬ್ಬ ದಾನಿಯ ಡ್ರೈವರನ್ನೂ ಮತ್ತೆ ಸೇರಿಸಿ, ಕೊನೆಗೆ ಆ ಚಿತ್ರವನ್ನೂ ಸೇರಿಸಿ ಒಯ್ದಿದ್ದೆ. ಬಸ್ಸು ಇನ್ನೂ ಬ್ರೆಡ್ಡಿನ ಹಾಗೇ ಇದೆ. ಫ್ಯಾನಿನ ಕೆಳಗೆ ಕೂತಿದ್ದವಳು ಎದ್ದು, ಐದನೇ ತರಗತಿಯ ಮಕ್ಕಳನ್ನು ಕೂರಿಸಿ ಬಟನ್ ಒತ್ತಿಸಿದೆ. ಪರದೆಗಳೆಲ್ಲ ನೀಲಿಯಾದವು. ಈ ಮಕ್ಕಳು ಗಂಗಾಧರರನ್ನು ನೋಡಿದವರಲ್ಲ. ಅವರ ಹೆಸರಿನ ಕಂಪ್ಯೂಟರಿನ ಮುಂದೆ ಕೂತಿದ್ದ ಪುಟ್ಟ ಹುಡುಗಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ, ನನ್ನ ಸೆರಗು ಎಳೆದಳು.

"ಯಾರು ಬರ್ತಾರೆ ಮಿಸ್?"

"ವಿಂಡೋಸ್ ಬರುತ್ತೆ ಕಣಮ್ಮ" ಅಂದೆ. "ಇರು."